ಚಕ್ಕೆ ನಕ್ಷತ್ರಕ್ಕೆ ಬೂಷ್ಟು ಯಾಕೆ ಬಂತು? ಘಮಘಮಿಸೋ ಕ್ರಿಸ್‌ಮಸ್ ಅಲಂಕಾರ ಮನೆಯಲ್ಲೇ ಮಾಡೋದು ಹೇಗೆ?

ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ

ಡಿಸೆಂಬರ್ ಬಂತು. ಮೈಸೂರಿನ ಅಶೋಕ ರಸ್ತೆಯ ಸುತ್ತಮುತ್ತ, ಸಂತ ಫಿಲೋಮಿನಾ ಚರ್ಚ್ ಕಡೆ ಹೋದ್ರೆ ಮನೆಮನೆ ಮುಂದೆ ನಕ್ಷತ್ರ ದೀಪ ನೇತಾಡ್ತಿರುತ್ತೆ, ಗೋದಲಿ ಕಟ್ಟೋಕೆ ಹುಲ್ಲು, ಬಿದಿರು ಹೊತ್ತು ತರೋರು ಕಾಣ್ತಾರೆ. ಇವತ್ತಿನ ಸಂಚಿಕೆ ಹುಟ್ಟಿದ್ದು ಅಲ್ಲೇ ಪಕ್ಕದ ನಜರ್‌ಬಾದ್‌ನಿಂದ ಬಂದ ಒಂದು ವಾಯ್ಸ್ ಮೆಸೇಜ್‌ನಿಂದ. ಕಳಿಸಿದವರು ಹೆಸರು ಹೇಳೋದು ಬೇಡ ಅಂದಿದ್ದಾರೆ, ನಾವು ಅಕ್ಕ ಅಂತಲೇ ಕರೆಯೋಣ.

ಈ ಅಕ್ಕ ಭಾನುವಾರದ ಮಕ್ಕಳ ತರಗತಿ ನಡೆಸ್ತಾರೆ. 60 ಮಕ್ಕಳಿದ್ದಾರೆ. ಎಲ್ಲರಿಗೂ ಒಂದೊಂದು ಸುವಾಸನೆಯ ನಕ್ಷತ್ರ ಮಾಡಿ ಕೊಡ್ತೀನಿ, ಮನೆಯ ಕ್ರಿಸ್‌ಮಸ್ ಗಿಡಕ್ಕೆ ಕಟ್ಟಿಕೊಳ್ಳಿ ಅಂತ ಮಾತು ಕೊಟ್ಟಿದ್ದಾರೆ. ಫೋನಲ್ಲಿ ಒಂದು ವಿಡಿಯೊ ನೋಡಿದ್ರಂತೆ, ಚಕ್ಕೆಪುಡಿ ಮತ್ತು ಬೇಯಿಸಿದ ಸೇಬು ಕಲಸಿ, ಲಟ್ಟಿಸಿ, ಅಚ್ಚಲ್ಲಿ ಕತ್ತರಿಸಿ ಒಣಗಿಸೋದು. ಆದ್ರೆ ಚಕ್ಕೆ ದುಬಾರಿ ಆಯ್ತಲ್ಲ ಅಂತ ಅರ್ಧ ಕಪ್ ಚಕ್ಕೆಪುಡಿಗೆ ಎರಡು ಕಪ್ ಮೈದಾ ಸೇರಿಸಿದ್ದಾರೆ. ವಾಸನೆ ಕಮ್ಮಿ ಅನ್ನಿಸಿ, ಮೇಲಿಂದ ಕಿತ್ತಳೆ ಎಣ್ಣೆಯ ಹನಿ ಹಾಕಿದ್ದಾರೆ. ಎರಡು ದಿನದಲ್ಲಿ ವಾಸನೆ ಮಾಯ. ಮೂರನೇ ದಿನ ತಿರುಗಿಸಿ ನೋಡಿದ್ರೆ ಹಿಂಭಾಗದಲ್ಲಿ ಬೆಳ್ಳಗೆ ಬೂಷ್ಟು. ಸ್ವಂತ ದುಡ್ಡು ಹಾಕಿ ಮಾಡಿದ 20 ನಕ್ಷತ್ರ ಕಸಕ್ಕೆ ಹೋಯ್ತು. ಜೊತೆಗೆ ಇನ್ನೊಂದು ಮಾತು ಹೇಳಿದ್ದಾರೆ, ತರಗತಿಯ ಒಂದು ಮಗುವಿಗೆ ಉಬ್ಬಸ ಇದೆ, ಅದಕ್ಕೆ ಏನು ಮಾಡಲಿ?

ಎಲ್ಲಕ್ಕೂ ಒಂದೊಂದಾಗಿ ಬರ್ತೀನಿ. ಮೊದಲು ಬೂಷ್ಟಿನ ವಿಷಯ.

ಈ ಚಕ್ಕೆ ನಕ್ಷತ್ರ ಅಮೆರಿಕದ ಮನೆಗಳಲ್ಲಿ ಬಹಳ ಜನಪ್ರಿಯ. ಅಲ್ಲಿ ಡಬ್ಬಿಯಲ್ಲಿ ಸಿಗೋ ಸೇಬಿನ ಗೊಜ್ಜನ್ನ ಹೆಚ್ಚು ಕಮ್ಮಿ ಅಷ್ಟೇ ಪ್ರಮಾಣದ ಚಕ್ಕೆಪುಡಿಗೆ ಹಾಕಿ ಕಲಸ್ತಾರೆ. ಕೇಳಿದವರಿಗೆ ಆಶ್ಚರ್ಯ ಆಗುತ್ತೆ, ಹಣ್ಣು ಹಾಕಿದ ಮೇಲೆ ಕೊಳೀಬೇಕಲ್ವಾ ಅಂತ. ಕೊಳೆಯಲ್ಲ, ಯಾಕಂದ್ರೆ ಚಕ್ಕೆ ಅಲ್ಲಿ ಬರೀ ವಾಸನೆಗೆ ಇಲ್ಲ, ಕಾವಲಿಗೂ ಇದೆ. ಚಕ್ಕೆಗೆ ಆ ಖಾರದ ಘಮ ಕೊಡೋ ಸಿನಮಾಲ್ಡಿಹೈಡ್ ಅನ್ನೋ ಅಂಶ, ಲವಂಗದಲ್ಲಿರೋ ಯೂಜಿನಾಲ್, ಎರಡೂ ಬೂಷ್ಟು ಬೆಳೆಯೋದನ್ನ ತಡೆಯುತ್ತವೆ. ಸೇಬಿನಲ್ಲಿರೋ ಪೆಕ್ಟಿನ್ ಅಂಟಿನ ಕೆಲಸ ಮಾಡುತ್ತೆ, ಚಕ್ಕೆ ಕೊಳೆಯದ ಹಾಗೆ ನೋಡಿಕೊಳ್ಳುತ್ತೆ, ಬಿಸಿಲು ಗಾಳಿ ನೀರನ್ನ ತೆಗೆಯುತ್ತೆ. ಈಗ ಚಕ್ಕೆ ತೆಗೆದು ಆ ಜಾಗಕ್ಕೆ ಮೈದಾ ಹಾಕಿದ್ರೆ? ಸೇಬಿನ ಸಕ್ಕರೆ, ಮೈದಾದ ಪಿಷ್ಟ, ಒಂದಿಷ್ಟು ತೇವ. ಬೂಷ್ಟಿಗೆ ಹಬ್ಬದೂಟ ಹಾಕಿದ ಹಾಗಾಯ್ತು. ಅಕ್ಕ ಉಳಿಸೋಕೆ ಹೋಗಿದ್ದು ಘಮದಲ್ಲಿ, ಕಳಕೊಂಡಿದ್ದು ಕಾವಲನ್ನ.

ಮೈದಾ ಹಾಕಲೇಬಾರದು ಅಂತಲ್ಲ. ಎರಡು ಪಾಲು ಮೈದಾಕ್ಕೆ ಒಂದು ಪಾಲು ಪುಡಿಯುಪ್ಪು, ಸುಮಾರು ಒಂದು ಪಾಲು ನೀರು ಹಾಕಿ ಕಲಸೋ ಉಪ್ಪಿನ ಹಿಟ್ಟು ಅಂತ ಬೇರೆಯೇ ಒಂದು ವಿಧಾನ ಇದೆ. ಅಲ್ಲಿ ಉಪ್ಪೇ ಕಾವಲು. ಆದ್ರೆ ಹಣ್ಣು ಇರಬಾರದು, ಮಳೆಗಾಲದಲ್ಲಿ ತೇವ ಹೀರಿ ಮೆತ್ತಗಾಗುತ್ತೆ. ನಾಯಿ ಸಾಕಿದವರಿಗೆ ಇದು ಬೇಡವೇ ಬೇಡ. ಬಿಸ್ಕತ್ ಅಂದ್ಕೊಂಡು ನಾಯಿ ಒಂದೆರಡು ತಿಂದ್ರೂ ಅಷ್ಟೊಂದು ಉಪ್ಪು ಅದರ ಜೀವಕ್ಕೇ ಅಪಾಯ.

ಸರಿ, ಚಕ್ಕೆ ಹಿಟ್ಟು ಸರಿಯಾಗಿ ಮಾಡೋದು ಹೇಗೆ? ಡಬ್ಬಿ ಗೊಜ್ಜು ಹುಡುಕಿಕೊಂಡು ದೊಡ್ಡ ಅಂಗಡಿಗೆ ಹೋಗೋ ಅಗತ್ಯ ಇಲ್ಲ. ಎರಡು ಸೇಬು ಸಿಪ್ಪೆ ತೆಗೆದು ತುರಿದು, ನೀರು ಹಾಕದೆ ಸಣ್ಣ ಉರಿಯಲ್ಲಿ ಬಾಡಿಸಿ. ಚಟ್ನಿಗಿಂತ ಗಟ್ಟಿಯಾದ ಮೇಲೆ ಜರಡಿಯಲ್ಲಿ ಉಜ್ಜಿ ಇಳಿಸಿ, ಪೂರ್ತಿ ಆರಲಿ. ಸೀಬೆಹಣ್ಣಲ್ಲೂ ಪೆಕ್ಟಿನ್ ಜೋರಾಗಿದೆ, ಆದ್ರೆ ಅದರ ಸ್ವಂತ ವಾಸನೆ ಚಕ್ಕೆ ಜೊತೆ ಜಗಳಕ್ಕೆ ನಿಲ್ಲುತ್ತೆ, ನನಗಂತೂ ಇಷ್ಟ ಇಲ್ಲ. ಒಂದು ಕಪ್ ಚಕ್ಕೆಪುಡಿ, ಒಂದು ಚಮಚ ಲವಂಗದ ಪುಡಿ, ಮುಕ್ಕಾಲು ಕಪ್ ಸೇಬಿನ ಗೊಜ್ಜು, ಎರಡು ಚಮಚ ಫೆವಿಕಾಲ್‌ನಂಥ ಬಿಳಿ ಗೋಂದು. ಗೋಂದು ಹಾಕಿದ್ರೆ ಬಿದ್ದರೂ ಬೇಗ ಮುರಿಯಲ್ಲ. ಗೊಜ್ಜನ್ನ ಒಟ್ಟಿಗೆ ಸುರೀಬೇಡಿ, ಸ್ವಲ್ಪ ಸ್ವಲ್ಪ ಹಾಕ್ತಾ ಪೂರಿ ಹಿಟ್ಟಿನ ಹದಕ್ಕೆ ತನ್ನಿ. ಅರ್ಧ ಗಂಟೆ ಮುಚ್ಚಿಡಿ. ಚಕ್ಕೆಪುಡಿ ನೀರು ಕುಡಿಯೋಕೆ ಸಮಯ ತಗೊಳ್ಳುತ್ತೆ, ಮೊದಲು ಮೆತ್ತಗಿದೆ ಅನ್ನಿಸಿದ್ದು ಆಮೇಲೆ ಗಟ್ಟಿಯಾಗುತ್ತೆ.

ಚಕ್ಕೆ ಯಾವುದು ಅನ್ನೋದೂ ಮುಖ್ಯ. ಕಾಗದದ ಹಾಗೆ ತೆಳ್ಳಗೆ, ಪದರ ಪದರವಾಗಿ ಸುರುಳಿ ಸುತ್ತಿಕೊಂಡಿರೋದು ಶ್ರೀಲಂಕಾ ಕಡೆಯ ನಿಜವಾದ ದಾಲ್ಚಿನ್ನಿ. ಗಟ್ಟಿಯಾಗಿ, ದಪ್ಪ ತೊಗಟೆಯ ಹಾಗಿರೋದು ಕ್ಯಾಸಿಯಾ, ಅದೂ ಚಕ್ಕೆ ಅಂತಲೇ ಮಾರಾಟ ಆಗುತ್ತೆ. ಅಡುಗೆಗೆ ತೆಳು ಚಕ್ಕೆ ಒಳ್ಳೇದು ಅಂತ ಹೇಳ್ತಾರೆ. ನಮ್ಮ ನಕ್ಷತ್ರಕ್ಕೆ ಮಾತ್ರ ಅಗ್ಗದ ದಪ್ಪ ಚಕ್ಕೆಯೇ ವಾಸಿ, ಅದರ ಘಾಟು ಜಾಸ್ತಿ. ಗ್ರಂಧಿಗೆ ಅಂಗಡಿಯಲ್ಲಿ ಚೂರು ಚಕ್ಕೆ ಕೇಳಿ, ಇಡೀ ತುಂಡಿಗಿಂತ ಕಮ್ಮಿ ಬೆಲೆಗೆ ಕೊಡ್ತಾರೆ. ಮನೆಯಲ್ಲೇ ಮಿಕ್ಸಿಗೆ ಹಾಕಿ ಜರಡಿ ಹಿಡೀರಿ. ಮುಚ್ಚಳ ತಕ್ಷಣ ತೆಗೀಬೇಡಿ, ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಳ್ಳಿ, ಮಕ್ಕಳು ಆಚೆ ಇರಲಿ. ಚಕ್ಕೆ ದೂಳು ಶ್ವಾಸಕೋಶಕ್ಕೆ ಹೋದ್ರೆ ಸುಮ್ಮನೆ ಕೆಮ್ಮಲ್ಲ, ಉರಿ ಹತ್ತಿಸುತ್ತೆ. ಚರ್ಮ ನವಿರಾಗಿರೋರು ಕಲಸುವಾಗ ಕೈಗೆ ಗ್ಲೌಸ್ ಹಾಕ್ಕೊಳ್ಳಿ.

ಚಪಾತಿ ಮಣೆ ಮೇಲೆ ಬಟರ್ ಪೇಪರ್ ಹಾಸಿ, ಹಿಟ್ಟಿಡಿ, ಮೇಲೊಂದು ಪೇಪರ್ ಮುಚ್ಚಿ ಲಟ್ಟಿಸಿ. ನಿಪ್ಪಟ್ಟಿಗಿಂತ ಕೊಂಚ ದಪ್ಪ, ಅರ್ಧ ಸೆಂಟಿಮೀಟರ್ ಇದ್ರೆ ಸಾಕು. ತೆಳ್ಳಗಾದ್ರೆ ಸೊಟ್ಟ ಆಗುತ್ತೆ, ದಪ್ಪ ಆದ್ರೆ ಒಳಗೆ ಒಣಗಲ್ಲ. ಬಿಸ್ಕತ್ ಅಚ್ಚಲ್ಲಿ ಕತ್ತರಿಸಿ, ದಾರಕ್ಕೆ ಸ್ಟ್ರಾದಿಂದ ತೂತು ಮಾಡಿ. ಒಣಗಿದಾಗ ತೂತು ಕಿರಿದಾಗುತ್ತೆ, ಹಾಗಾಗಿ ಕಡ್ಡಿಯಿಂದ ಸಣ್ಣಗೆ ಚುಚ್ಚಿದ್ರೆ ಆಮೇಲೆ ಪರದಾಟ. ಅಕ್ಕನಿಗೆ ಲೆಕ್ಕ ಹೇಳ್ಬೇಕು ಅಂದ್ರೆ, ಒಂದು ಕಪ್ ಪುಡಿಗೆ ಸುಮಾರು 15 ನಕ್ಷತ್ರ. 60ಕ್ಕೆ ನಾಲ್ಕು ಕಪ್, ಅಂದ್ರೆ ಹತ್ತಿರ ಹತ್ತಿರ ಅರ್ಧ ಕಿಲೋ ಚಕ್ಕೆ.

ಒಣಗಿಸೋದರಲ್ಲಿ ಮೈಸೂರಿನ ಡಿಸೆಂಬರ್ ನಮ್ಮ ಪರವಾಗಿದೆ. ಹಗಲು ಒಣ ಗಾಳಿ, ಹದವಾದ ಬಿಸಿಲು. ಆದ್ರೆ ಬೆಳಗಿನ ಜಾವ ಇಬ್ಬನಿ ಬೀಳುತ್ತೆ, ಕಾರಂಜಿ ಕೆರೆ ಆಸುಪಾಸಿನವರಿಗೆ ಇದನ್ನ ಹೇಳಿಕೊಡಬೇಕಾಗಿಲ್ಲ. ಸಂಜೆ ಐದಕ್ಕೇ ತಾರಸಿಯಿಂದ ಒಳಗೆ ತನ್ನಿ. ತಟ್ಟೆಯಲ್ಲಿ ಹರಡಬೇಡಿ, ಅಡಿಭಾಗಕ್ಕೆ ಗಾಳಿಯೇ ಹೋಗಲ್ಲ. ಅಕ್ಕನ ನಕ್ಷತ್ರಕ್ಕೆ ಬೂಷ್ಟು ಹಿಂಭಾಗದಲ್ಲೇ ಬಂದಿದ್ದು ಅದಕ್ಕೇ. ಹಪ್ಪಳ ಒಣಗಿಸೋ ಹಾಗೆ ತೆಳು ಬಟ್ಟೆ ಅಥವಾ ಜಾಲರಿ ಮೇಲೆ ಇಟ್ಟು, ದಿನಕ್ಕೆ ಮೂರು ಸಲ ಮಗುಚಿ. ಎರಡರಿಂದ ಮೂರು ದಿನ ಬೇಕು. ಓವನ್ ಇರೋರು 90ರಿಂದ 95 ಡಿಗ್ರಿಯಲ್ಲಿ ಎರಡು ಎರಡೂವರೆ ಗಂಟೆ ಇಡಬಹುದು, ಮನೆಯೆಲ್ಲ ಬೇಕರಿ ಹಾಗೆ ಘಮಘಮ ಅನ್ನುತ್ತೆ. ಹಾಗೆ ಮನೆ ತುಂಬಿದ ಘಮ ನಕ್ಷತ್ರದಿಂದ ಹೊರಗೆ ಹೋದ ಘಮ ಅನ್ನೋದು ನೆನಪಿರಲಿ. ನನ್ನ ಓಟು ಬಿಸಿಲಿಗೆ.

ವಾಸನೆ ಎರಡೇ ದಿನಕ್ಕೆ ಹೋಗೋದು ಯಾಕೆ

ಇದು ಅಕ್ಕನ ಎರಡನೇ ಸಮಸ್ಯೆ. ಉತ್ತರ ನಮ್ಮ ಮೈಸೂರಿನ ಅಗರಬತ್ತಿ ಮಾಡೋ ಕೈಗಳಿಗೆ ತಲೆಮಾರುಗಳಿಂದ ಗೊತ್ತು. ಸೈಕಲ್ ಬ್ರ್ಯಾಂಡ್ ಊದುಬತ್ತಿಯ ಸಂಸ್ಥೆಯನ್ನ ಎನ್. ರಂಗರಾವ್ ಅವರು 1948ರಲ್ಲಿ ಶುರುಮಾಡಿದ್ದು ಇದೇ ಊರಲ್ಲಿ. ಮೈಸೂರು ಅಗರಬತ್ತಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ಇದೆ. ಇಷ್ಟಿದ್ದೂ ನಾವು ಘಮದ ಪಾಠಕ್ಕೆ ಅಮೆರಿಕದ ವಿಡಿಯೊ ನೋಡ್ತೀವಿ ಅನ್ನೋದು ತಮಾಷೆಯೇ.

ಎಲ್ಲ ಸುವಾಸನೆಯೂ ಒಂದೇ ವೇಗದಲ್ಲಿ ಹಾರಿಹೋಗಲ್ಲ. ಕಿತ್ತಳೆ, ನಿಂಬೆ ಎಣ್ಣೆಯ ಮುಖ್ಯ ಅಂಶ ಲಿಮೋನಿನ್, ಅದು ಬಹಳ ಹಗುರ. ತೆರೆದ ಗಾಳಿಯಲ್ಲಿ ಒಂದೆರಡು ದಿನದ ಅತಿಥಿ. ಚಕ್ಕೆ, ಲವಂಗ ವಾರಗಟ್ಟಲೆ ನಿಲ್ಲುತ್ತವೆ. ಗಂಧ, ಲಾವಂಚ ಇವೆಲ್ಲ ಭಾರದ ಅಣುಗಳು, ತಿಂಗಳುಗಟ್ಟಲೆ ಕೂತಿರುತ್ತವೆ. ಅತ್ತರ್ ಮಾಡೋರು ಹೂವಿನ ಸುವಾಸನೆಯನ್ನ ಗಂಧದೆಣ್ಣೆಗೆ ಇಳಿಸ್ತಿದ್ದದ್ದು ಇದೇ ಕಾರಣಕ್ಕೆ, ಭಾರದ್ದು ಹಗುರದ್ದನ್ನ ಹಿಡಿದಿಟ್ಟುಕೊಳ್ಳುತ್ತೆ. ಮೈಸೂರಿನ ಗಂಧದೆಣ್ಣೆಗೆ ಪ್ರಪಂಚದಲ್ಲಿ ಹೆಸರು ಬಂದಿದ್ದೂ ಈ ಗುಣದಿಂದಲೇ. ಮೊದಲನೇ ಮಹಾಯುದ್ಧಕ್ಕೂ ಮುಂಚೆ ಇಲ್ಲಿನ ಗಂಧದ ಮರ ಜರ್ಮನಿಗೆ ಹೋಗಿ ಅಲ್ಲಿ ಎಣ್ಣೆ ಆಗ್ತಿತ್ತು. ಯುದ್ಧದಿಂದ ಆ ದಾರಿ ಮುಚ್ಚಿದಾಗ ಮೈಸೂರು ಸಂಸ್ಥಾನ ತಾನೇ ಎಣ್ಣೆ ತೆಗೆಯೋ ಕಾರ್ಖಾನೆ ಹಾಕ್ತು.

ಹಾಗಂತ ನಕ್ಷತ್ರಕ್ಕೆ ಅಸಲಿ ಗಂಧದೆಣ್ಣೆ ಹಾಕಿ ಅಂತ ನಾನು ಹೇಳ್ತಿಲ್ಲ, ಅದರ ರೇಟಿಗೆ ಕ್ರಿಸ್‌ಮಸ್ ಗಿಡವನ್ನೇ ಮಾರ್ಬೇಕಾದೀತು. ದೇವರಾಜ ಮಾರುಕಟ್ಟೆಯಲ್ಲಿ ಕಮ್ಮಿ ಬೆಲೆಗೆ ಸಿಗೋ ಪುಟ್ಟ ಶೀಶೆ ಮೇಲೆ ಗಂಧ ಅಂತ ಬರೆದಿದ್ರೆ ಅದು ಸಿಂಥೆಟಿಕ್ ಅಂದ್ಕೊಳ್ಳಿ. ಅಲಂಕಾರಕ್ಕೆ ಅದು ನಡೆಯುತ್ತೆ, ಅಸಲಿ ಅಂತ ನಂಬಿ ದುಡ್ಡು ಸುರೀಬೇಡಿ. ಅದಕ್ಕಿಂತ ಸುಲಭದ ದಾರಿ ಸಾಂಬ್ರಾಣಿ. ಗಟ್ಟಿ ತುಂಡಿನ ಸಾಂಬ್ರಾಣಿ ತಂದು ಕುಟ್ಟಿ ನುಣ್ಣಗೆ ಪುಡಿ ಮಾಡಿ, ಒಂದು ಕಪ್ ಹಿಟ್ಟಿಗೆ ಒಂದು ಚಮಚ ಸೇರಿಸಿ. ಇದು ಮರದ ಅಂಟು, ಬೇರೆ ಸುವಾಸನೆಗಳನ್ನ ಹಿಡಿದಿಟ್ಟುಕೊಳ್ಳುತ್ತೆ. ಕಂಪ್ಯೂಟರ್ ಸಾಂಬ್ರಾಣಿ ತರಬೇಡಿ ಮತ್ತೆ, ಅದರಲ್ಲಿ ಇರೋದು ಬಹುಪಾಲು ಇದ್ದಿಲು. ಅಂದಹಾಗೆ ಕ್ರಿಸ್ತ ಹುಟ್ಟಿದಾಗ ಮೂಡಣದ ಜ್ಞಾನಿಗಳು ತಂದ ಕಾಣಿಕೆ ಚಿನ್ನ, ಧೂಪ, ರಕ್ತಬೋಳ. ಮೂರರಲ್ಲಿ ಎರಡು ಮರದಿಂದ ಒಸರೋ ಸುವಾಸನೆಯ ಅಂಟು. ಹಬ್ಬದ ಅಲಂಕಾರಕ್ಕೆ ಸಾಂಬ್ರಾಣಿ ಹೊರಗಿನದೇನೂ ಅಲ್ಲ.

ಮುಖ್ಯ ವಿಷಯ, ಎಣ್ಣೆ ಯಾವುದೇ ಇರಲಿ, ಮೇಲಿಂದ ಹನಿಸಬೇಡಿ. ಹಿಟ್ಟು ಕಲಸುವಾಗಲೇ ಒಣ ಪುಡಿಗೆ ಬೆರೆಸಿ. ಮೇಲೆ ಬಿದ್ದ ಎಣ್ಣೆ ಮೇಲಿಂದಲೇ ಹೋಗುತ್ತೆ, ಒಳಗಿರೋದು ನಿಧಾನಕ್ಕೆ ಬರುತ್ತೆ. ಜನವರಿ 6ರ ಹೊತ್ತಿಗೆ ಮಂಕಾಯ್ತು ಅನ್ನಿಸಿದ್ರೆ ಸಣ್ಣ ಸ್ಯಾಂಡ್‌ಪೇಪರ್‌ನಿಂದ ಹಿಂಭಾಗ ಮೆಲ್ಲಗೆ ಉಜ್ಜಿ, ಘಮ ಮತ್ತೆ ಏಳುತ್ತೆ.

ಚಕ್ಕೆ ಖರ್ಚು ತಗ್ಗಿಸೋಕೆ ಅಗರಬತ್ತಿಯವರ ಇನ್ನೊಂದು ಉಪಾಯ ಇದೆ, ಜಿಗಟು ಪುಡಿ. ಪಶ್ಚಿಮ ಘಟ್ಟದ ಗುಳಮಾವು ಮರದ ತೊಗಟೆಯ ಪುಡಿ ಇದು. ನೀರು ಸೋಕಿದ್ರೆ ಲೋಳೆಯಾಗಿ ಹಿಡಿದುಕೊಳ್ಳುತ್ತೆ, ಒಣಗಿದ್ರೆ ಗಟ್ಟಿ. ಊದುಬತ್ತಿಯ ಮಸಾಲೆ ಕಡ್ಡಿಗೆ ಅಂಟಿಕೊಳ್ಳೋದು ಇದರಿಂದಲೇ. ಊದುಬತ್ತಿಗೆ ಕಚ್ಚಾ ಸಾಮಗ್ರಿ ಮಾರೋರ ಹತ್ತಿರ ಕೇಳಿ. ಒಂದು ಪಾಲು ಜಿಗಟು, ಒಂದೂವರೆ ಪಾಲು ಚಕ್ಕೆಪುಡಿ, ಒಂದೂವರೆ ಪಾಲು ನುಣ್ಣಗೆ ಜರಡಿ ಹಿಡಿದ ಮರದ ಪುಡಿ, ಉಗುರು ಬೆಚ್ಚಗಿನ ನೀರು. ಸೇಬೂ ಬೇಡ, ಗೋಂದೂ ಬೇಡ. ಬೂಷ್ಟಿನ ಭಯ ಬಹಳ ಕಮ್ಮಿ, ಯಾಕಂದ್ರೆ ಹಣ್ಣಿನ ಸಕ್ಕರೆ ಇಲ್ಲ. ಈ ತೊಗಟೆಗಾಗಿ ಕಾಡಲ್ಲಿ ಮರಗಳನ್ನ ಮಿತಿಮೀರಿ ಸುಲಿದಿರೋದೂ ಉಂಟು, ಹಾಗಾಗಿ ಬೇಕಾದಷ್ಟೇ ತನ್ನಿ.

ಇಲ್ಲೊಂದು ಎಚ್ಚರಿಕೆ, ದಯವಿಟ್ಟು ಗಮನ ಕೊಟ್ಟು ಕೇಳಿ. ಜಿಗಟು, ಮರದ ಪುಡಿ, ಸಾಂಬ್ರಾಣಿ ಸೇರಿಸಿದ್ರೆ ಏನಾಯ್ತು? ಧೂಪ ಆಯ್ತು. ನೀವು ಮಾಡಿರೋದು ನಕ್ಷತ್ರದ ಆಕಾರದ ಧೂಪ. ಕಿಡಿ ತಗುಲಿದ್ರೆ ಜ್ವಾಲೆ ಇಲ್ಲದೆಯೂ ಒಳಗೊಳಗೇ ಉರೀತಾ ಹೋಗುತ್ತೆ, ಊದುಬತ್ತಿ ಮಾಡೋ ಕೆಲಸವೇ ಅದು. ಪಕ್ಕದಲ್ಲಿ ಪ್ಲಾಸ್ಟಿಕ್ ಗಿಡ, ಹತ್ತಿ ಹಿಮ, ಗೋದಲಿಯ ಒಣಹುಲ್ಲು. ಗೋದಲಿ ಮುಂದೆ ಮೇಣದ ಬತ್ತಿ ಹಚ್ಚೋ ಮನೆಗಳಲ್ಲಿ ಈ ಜಿಗಟಿನ ನಕ್ಷತ್ರ ಕಿಟಕಿಗೋ ಬಾಗಿಲಿಗೋ ಇರಲಿ. ಬಿಸಿಯಾಗೋ ಹಳೇ ಕಾಲದ ಸೀರಿಯಲ್ ಬಲ್ಬಿಗೆ ತಾಗಿಸಿ ಯಾವ ನಕ್ಷತ್ರವನ್ನೂ ಕಟ್ಟಬೇಡಿ.

ಉಬ್ಬಸದ ಮಗು, ಕರ್ಪೂರ, ಬೆಕ್ಕು

ನಿಮ್ಮ ಮನೆಯಲ್ಲಿ ಕರ್ಪೂರ ಇದ್ದೇ ಇರುತ್ತೆ, ವಾಸನೆ ಚೆನ್ನಾಗಿದೆ, ಒಂದು ಚಿಟಿಕೆ ಹಾಕೋಣ ಅನ್ನಿಸಬಹುದು. ಬೇಡ. ಚಿಕ್ಕ ಮಕ್ಕಳು ಕರ್ಪೂರ ನುಂಗಿದ್ರೆ, ಬಹಳ ಕಮ್ಮಿ ಪ್ರಮಾಣದಲ್ಲೂ ಫಿಟ್ಸ್ ಬರಬಹುದು. ಬಿಸ್ಕತ್ ಹಾಗೆ ಕಾಣೋ, ತಿಂಡಿ ಹಾಗೆ ಘಮಗುಟ್ಟೋ ವಸ್ತುವಿನಲ್ಲಿ ಕರ್ಪೂರ ಸೇರಿಸೋದು ಅಪಾಯಕ್ಕೆ ನಾವೇ ಬಾಗಿಲು ತೆಗೆದ ಹಾಗೆ. ಮಗು ಏನಾದರೂ ಕರ್ಪೂರ ನುಂಗಿದ್ದು ಗೊತ್ತಾದ್ರೆ ವಾಂತಿ ಮಾಡಿಸೋಕೆ ಹೋಗದೆ ನೇರ ಆಸ್ಪತ್ರೆಗೆ ಹೋಗಿ. ಬೆಕ್ಕಿರೋ ಮನೆಯವರು ಶೀಶೆ ಎಣ್ಣೆಗಳಿಂದಲೂ ದೂರ ಇರಿ. ಲವಂಗ, ಚಕ್ಕೆಯ ಸಾಂದ್ರ ಎಣ್ಣೆಯನ್ನ ಬೆಕ್ಕಿನ ಯಕೃತ್ತು ಅರಗಿಸಿಕೊಳ್ಳಲಾರದು.

ಉಬ್ಬಸದ ಮಗುವಿನ ವಿಷಯಕ್ಕೆ ಬರೋಣ. ಜೋರು ವಾಸನೆ ಕೆಲವು ಮಕ್ಕಳಿಗೆ ಉಸಿರು ಕಟ್ಟಿಸುತ್ತೆ, ಅದು ಸಹಜ ವಸ್ತುವಿನದೇ ಆಗಿರಲಿ, ಸಿಂಥೆಟಿಕ್ ಆಗಿರಲಿ. ಅಕ್ಕ, 60 ಚಕ್ಕೆ ನಕ್ಷತ್ರ ಒಂದೇ ಮುಚ್ಚಿದ ಕೋಣೆಯಲ್ಲಿ ಹಂಚಬೇಡಿ, ಮಕ್ಕಳ ಕೈಯಲ್ಲಿ ಅಲ್ಲೇ ಹಿಟ್ಟು ಕಲಸಿಸಲೂ ಬೇಡಿ, ದೂಳೇ ಮೊದಲ ಶತ್ರು. ಮುಂಚೆಯೇ ಆ ಮಗುವಿನ ತಾಯಿಯನ್ನ ಒಂದು ಮಾತು ಕೇಳಿ. ಆ ಮಗುವಿಗೆ ಮಾತ್ರ ಬೇರೆ ಥರದ್ದು ಕೊಟ್ರೆ ಮಗು ಮುಖ ಚಿಕ್ಕದು ಮಾಡಿಕೊಳ್ಳುತ್ತೆ, ಅದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ನನ್ನ ಸಲಹೆ, ತರಗತಿಯಲ್ಲಿ ಎಲ್ಲರಿಗೂ ಪ್ಲಾಸ್ಟರ್ ಆಫ್ ಪ್ಯಾರಿಸ್ ನಕ್ಷತ್ರ ಕೊಡಿ, ವಾಸನೆ ಇಲ್ಲದ್ದು. ಎರಡು ಪಾಲು ಪುಡಿಗೆ ಒಂದು ಪಾಲು ನೀರು, ಸಿಲಿಕಾನ್ ಅಚ್ಚಿಗೆ ಹುಯ್ದರೆ ಅರ್ಧ ಗಂಟೆಯಲ್ಲಿ ಗಟ್ಟಿ. ಕಲಸೋದು, ಹುಯ್ಯೋದು ನೀವೇ ಮಾಡಿ, ಗಟ್ಟಿಯಾಗುವಾಗ ಬಿಸಿಯಾಗುತ್ತೆ. ಪಾತ್ರೆ ತೊಳೆದ ನೀರು ಸಿಂಕಿಗೆ ಹಾಕಿದ್ರೆ ಪೈಪು ಕಟ್ಟಿಕೊಳ್ಳುತ್ತೆ, ಗಿಡದ ಮಡಿಗೂ ಬೇಡ, ಹಳೇ ಪೇಪರಲ್ಲಿ ಒರೆಸಿ ಕಸಕ್ಕೆ ಹಾಕಿ. ಮಾರನೇ ದಿನ ಮಕ್ಕಳು ಬಣ್ಣ ಬಳೀಲಿ. ಈ ಪ್ಲಾಸ್ಟರ್ ಸಣ್ಣ ಸಣ್ಣ ರಂಧ್ರಗಳ ವಸ್ತು, ಎಣ್ಣೆ ಹೀರುತ್ತೆ. ಬಣ್ಣ ಬಳಿಯದ ಹಿಂಭಾಗಕ್ಕೆ ಬೇಕಾದವರು ಮನೆಗೆ ಹೋಗಿ ಎರಡು ಹನಿ ಹಾಕ್ಕೊಳ್ಳಲಿ, ಬೇಡದವರು ಹಾಗೇ ಕಟ್ಟಲಿ. ಹನಿ ಆಗಾಗ ಹಾಕ್ತಿರಬೇಕು ಅನ್ನೋದು ನಿಜ, ಆದ್ರೆ ನಿರ್ಧಾರ ಆಯಾ ಮನೆಯದಾಗುತ್ತೆ. ಖರ್ಚೂ ಚಕ್ಕೆಗಿಂತ ಎಷ್ಟೋ ಕಮ್ಮಿ. ಚಕ್ಕೆ ನಕ್ಷತ್ರ ಮಾಡೋ ಆಸೆ ಇದ್ರೆ 15 ಮಾಡಿ, ಗಾಳಿಯಾಡೋ ಚರ್ಚಿನ ಮುಂಬಾಗಿಲ ಗಿಡಕ್ಕೆ ಕಟ್ಟಿ.

ಥರ್ಮಕೋಲ್ ಚೆಂಡಿಗೆ ಕಿತ್ತಳೆ ಎಣ್ಣೆ ಹಾಕಬಹುದಾ ಅಂತ ಇನ್ನೊಬ್ಬರು ಕೇಳಿದ್ದಾರೆ. ಹಾಕಿ ನೋಡಿ, ಕಣ್ಣೆದುರೇ ಕರಗುತ್ತೆ. ಲಿಮೋನಿನ್ ಥರ್ಮಕೋಲನ್ನ ಕರಗಿಸೋ ದ್ರಾವಕ. ಪಾಲಿಶ್ ಮಾಡಿದ ಮೇಜಿನ ಮೇಲೆ ಬಿದ್ರೂ ಕಲೆ ಬೀಳುತ್ತೆ. ಎಣ್ಣೆ ಹಾಕೋದಾದ್ರೆ ಮಣ್ಣು, ಮರ, ಪ್ಲಾಸ್ಟರ್, ಬಟ್ಟೆ, ಇಷ್ಟೇ.

ಬಟ್ಟೆ ಅಂದಾಗ ನೆನಪಾಯ್ತು, ಏನೂ ಕಲಸೋ ತಾಪತ್ರಯ ಬೇಡ ಅನ್ನೋರಿಗೆ ಲಾವಂಚ ಇದೆ. ಸ್ಟೇಷನರಿ ಅಂಗಡಿಯ ಫೆಲ್ಟ್ ಬಟ್ಟೆ ಎರಡು ನಕ್ಷತ್ರ ಕತ್ತರಿಸಿ, ಅಂಚು ಹೊಲಿದು, ಒಳಗೆ ಲಾವಂಚದ ಬೇರು, ನಾಲ್ಕು ಲವಂಗ, ಒಂದು ಚಕ್ರಮೊಗ್ಗು ತುಂಬಿ. ಲಾವಂಚಕ್ಕೆ ಸ್ವಲ್ಪ ತೇವ ತಾಕಿದ್ರೆ ಘಮ ಏಳುತ್ತೆ. ಸ್ನಾನದ ಮನೆ ಬಾಗಿಲ ಹತ್ತಿರ ಕಟ್ಟಿದ್ರೆ ಅಷ್ಟು ಆವಿಯೇ ಸಾಕು. ಹಬ್ಬ ಮುಗಿದ ಮೇಲೆ ಸೀರೆ ಬೀರುವಿಗೆ ಇಡಿ.

ಕೊನೆಗೆ ಕಿತ್ತಳೆಗೆ ಲವಂಗ ಚುಚ್ಚೋ ಯುರೋಪಿನ ಹಳೇ ಪದ್ಧತಿ, ಪೊಮ್ಯಾಂಡರ್ ಅಂತಾರೆ. ಕೊಡಗಿನ ಕಿತ್ತಳೆ ಸಿಗೋ ಕಾಲ, ಅದರಲ್ಲೇ ಮಾಡೋಣ ಅನ್ನಿಸುತ್ತೆ. ಆದ್ರೆ ಕೊಡಗಿನ ಕಿತ್ತಳೆ ಸಿಪ್ಪೆ ಸಡಿಲ, ಚುಚ್ಚಿದಲ್ಲೆಲ್ಲ ಹರಿಯುತ್ತೆ. ಸಿಪ್ಪೆ ಬಿಗಿಯಾಗಿರೋ ಮೂಸಂಬಿ ಒಳ್ಳೇದು. ಡಬ್ಬಣದಿಂದ ತೂತು ಮಾಡಿ, ಲವಂಗ ಒತ್ತೊತ್ತಾಗಿ ಚುಚ್ಚಿ, ಚಕ್ಕೆಪುಡಿಯಲ್ಲಿ ಹೊರಳಿಸಿ. ಪೂರ್ತಿ ಒಣಗೋಕೆ ಮೂರು ನಾಲ್ಕು ವಾರ ಬೇಕು, ಈ ವರ್ಷದ ಹಬ್ಬಕ್ಕೆ ತಡವಾಯ್ತು. ಅವಸರ ಇರೋರು ಸಣ್ಣ ನಿಂಬೆಹಣ್ಣಿನಲ್ಲಿ ಮಾಡಬಹುದು, ಬೇಗ ಒಣಗುತ್ತೆ. ಬಾಗಿಲಿಗೆ ಮಾತ್ರ ಕಟ್ಟಬೇಡಿ, ಕೇರಿಯವರು ದೃಷ್ಟಿ ತೆಗೆದಿದ್ದು ಅಂದ್ಕೊಂಡು ದಾಟದೆ ಸುತ್ತಿಕೊಂಡು ಹೋದಾರು.

ಮುಂದಿನ ವಾರ ರೋಸ್ ಕುಕೀಸ್ ಅಚ್ಚು ಎಣ್ಣೆಯಲ್ಲಿ ಬಿಡಿಸಿಕೊಳ್ಳದೆ ಅಂಟೋದು ಯಾಕೆ ಅನ್ನೋ ಪ್ರಶ್ನೆಯ ಜೊತೆ ಬರ್ತೀನಿ. ನಮಸ್ಕಾರ.